ಯಾರೋ ನೋಡುತ್ತಿದ್ದಾರೆಂದು ಅದಕ್ಕೆ ಗೊತ್ತಾಗುತ್ತಿತ್ತು

ಹೋದ ತಿಂಗಳು ಹುಬ್ಬಳ್ಳಿಯಿಂದ ಅಂಕೋಲೆಗೆ ಹೋಗುವ ಬಸ್ಸು ಯಲ್ಲಾಪುರದ ನಿಲ್ದಾಣದಲ್ಲಿ ಕಾಲು ಗಂಟೆ ನಿಂತಿತು. ಎಲ್ಲರೂ ಚಹಾಕ್ಕೆಂದು ಇಳಿದರು. ನಾನು ಇಳಿಯಲಿಲ್ಲ. ಕಿಟಕಿಯ ಆಚೆ ನೋಡಬಾರದು ಅಂದುಕೊಂಡು ಮಡಿಲಲ್ಲಿದ್ದ ಚೀಲದ ಜಿಪ್ಪನ್ನು ಎಳೆಯುತ್ತ ಬಿಡುತ್ತ ಕೂತಿದ್ದೆ. ಆಗ ಒಬ್ಬಳು ತಾಯಿ ಮಗುವನ್ನು ಎತ್ತಿಕೊಂಡು ಬಂದು ನನ್ನ ಪಕ್ಕ ಕೂತಳು. ಆಗಷ್ಟೇ ಸೂಜಿ ಚುಚ್ಚಿಸಿಕೊಂಡು ಬಂದಿದ್ದ ಮಗು ಬಿಕ್ಕುತ್ತಿತ್ತು. ಅದರ ತೋಳಿಗೆ ಒತ್ತಿಹಿಡಿದಿದ್ದ ಹತ್ತಿಯಿಂದ ಸ್ಪಿರಿಟ್ಟಿನ ವಾಸನೆ ಬಂತು. ಅಷ್ಟೇ ಸಾಕಾಯಿತು. ತೊಂಬತ್ತರ ದಶಕದ ನಡುವಿನ ಆ ಒಂದು ಚಳಿಗಾಲ, ಆಮೇಲೆ ಬಂದ ಆ ಒಣ ಬೇಸಿಗೆ, ಒಂದು ಸಣ್ಣ ಲ್ಯಾಬಿನ ಮೂಲೆಯಲ್ಲಿದ್ದ ಕಂಪ್ಯೂಟರು, ಎಲ್ಲ ಒಟ್ಟಿಗೇ ಎದ್ದು ಬಂದವು.

ಆಗ ನನಗೆ ಇಪ್ಪತ್ತಾರು. ಹಾನಗಲ್ಲಿನ ಕಡೆಯವಳು. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಹುಬ್ಬಳ್ಳಿಯ ಒಂದು ಕಂಪ್ಯೂಟರ್ ಕಂಪನಿ ಸೇರಿದ್ದೆ. ಅವರು ನನ್ನನ್ನು ಶಿರಸಿಗೆ ಹಾಕಿದರು. ಶಿರಸಿ, ಸಿದ್ದಾಪುರ, ಯಲ್ಲಾಪುರ ಈ ಮೂರೂ ತಾಲ್ಲೂಕುಗಳಲ್ಲಿ ಕಂಪನಿ ಮಾರಿದ ಯಂತ್ರಗಳೆಲ್ಲ ನನ್ನ ಪಾಲಿಗೆ ಬಂದಿದ್ದವು. ಎಲ್ಲ ಸೇರಿ ಐವತ್ತು ಇದ್ದಿರಲಿಕ್ಕಿಲ್ಲ. ಮಂಗಳವಾರ ಸಿದ್ದಾಪುರದ ಬಸ್ಸು, ಗುರುವಾರ ಯಲ್ಲಾಪುರದ ಬಸ್ಸು, ಉಳಿದ ದಿನ ಶಿರಸಿಯ ಒಂದು ಕೋಣೆಯ ಆಫೀಸು. ಹೆಗಲಿಗೆ ಸ್ಕ್ರೂಡ್ರೈವರು, ಬ್ರಷ್ಷು ತುಂಬಿದ ಚೀಲ, ಕೈಯಲ್ಲಿ ಫ್ಲಾಪಿಗಳ ಡಬ್ಬಿ. ಹೋದ ಕಡೆಯಲ್ಲೆಲ್ಲ ಮೊದಲು ನನ್ನ ಹಿಂದೆ ಇಣುಕಿ ನೋಡಿ, "ಸರ್ ಬರಲಿಲ್ವಾ?" ಎಂದು ಕೇಳುತ್ತಿದ್ದರು. "ನಾನೇ ರೀ" ಅನ್ನುತ್ತಿದ್ದೆ. ಮಧ್ಯಾಹ್ನ ಯಾವುದಾದರೂ ಹೋಟೆಲಿನ ಫ್ಯಾಮಿಲಿ ರೂಮಿನಲ್ಲಿ, ಪರದೆಯ ಹಿಂದೆ, ನಾಲ್ಕು ಕುರ್ಚಿಯ ಟೇಬಲ್ಲಿಗೆ ಒಬ್ಬಳೇ ಕೂತು ಉಣ್ಣುತ್ತಿದ್ದೆ. ಪರದೆಯಾಚೆ ಗಂಡಸರ ಮಾತು, ತಟ್ಟೆಗಳ ಸದ್ದು. ಕೆಲವು ವಾರ "ಫ್ಲಾಪಿ ಕೊಡ್ರಿ", "ಸ್ವಿಚ್ ಹಾಕ್ರಿ" ಬಿಟ್ಟರೆ ಬೇರೆ ಮಾತೇ ನನ್ನ ಬಾಯಿಂದ ಹೊರಟಿರುತ್ತಿರಲಿಲ್ಲ.

ನಾನು ಬಾಡಿಗೆಗಿದ್ದದ್ದು ಪಾರ್ವತಕ್ಕ ಎಂಬ ಒಬ್ಬ ನಿವೃತ್ತ ಶಿಕ್ಷಕಿಯ ಮನೆಯ ಮಹಡಿಯಲ್ಲಿ. ಅವರು ನನ್ನೊಡನೆಯೂ ತಮ್ಮ ಮನೆಮಾತಿನಲ್ಲೇ ಮಾತಾಡುತ್ತಿದ್ದರು. "ಊಟ ಆತನೆ ಕೂಸೆ?" ಎಂದು ಮೆಟ್ಟಿಲ ಬುಡದಿಂದ ಕೇಳುತ್ತಿದ್ದರು. "ಆತ್ರಿ ಅಕ್ಕಾರ" ಅಂದರೆ ಅಲ್ಲಿಗೆ ಮುಗಿಯಿತು. ಅವರು ಇನ್ನೊಂದು ಮಾತು ಕೇಳಲಿ ಎಂದು ನಾನು ಒಂದು ಕ್ಷಣ ಬಾಗಿಲಲ್ಲೇ ನಿಂತಿರುತ್ತಿದ್ದೆ.

ಯಲ್ಲಾಪುರದಲ್ಲಿ ಆಗ ರಕ್ತನಿಧಿ ಇರಲಿಲ್ಲ. ರಕ್ತ ಬೇಕಾದರೆ ಹುಬ್ಬಳ್ಳಿಗೆ ಓಡಬೇಕು, ಇಲ್ಲವೇ ಅಲ್ಲೇ ಯಾರನ್ನಾದರೂ ಹುಡುಕಿ ಮಲಗಿಸಿ ತೆಗೆಯಬೇಕು. ಹಾಗೆ ನೇರವಾಗಿ ಕೊಡುವುದು ಮುಂದೆ ನಿಂತುಹೋಯಿತು. ಆಗ ಮಾತ್ರ ಅದೇ ದಾರಿ. ಅಲ್ಲಿನ ಒಂದು ಸಣ್ಣ ಖಾಸಗಿ ಆಸ್ಪತ್ರೆಯಲ್ಲಿ ಗಜಾನನ ಹೆಗಡೆ ಎಂಬವರು ಲ್ಯಾಬ್ ನೋಡಿಕೊಳ್ಳುತ್ತಿದ್ದರು. ಐವತ್ತು ದಾಟಿದ, ಸಣಕಲು ದೇಹದ ಮನುಷ್ಯ. ಆರು ವರ್ಷದಿಂದ ರಜೆಯ ದಿನಗಳಲ್ಲಿ ಸೈಕಲ್ಲು ತುಳಿದುಕೊಂಡು ನಂದೊಳ್ಳಿ, ಇಡಗುಂದಿ ಅಂತ ಹೋಗಿ, ಹಾಲಿನ ಡೇರಿಯ ಮುಂದೆ, ಶಾಲೆಯ ಜಗಲಿಯಲ್ಲಿ ಜನರ ಬೆರಳು ಚುಚ್ಚಿ ರಕ್ತದ ಗುಂಪು ಬರೆದುಕೊಂಡಿದ್ದರು. ಹೆಸರು, ಊರು, ಗುಂಪು, ಕರೆಯುವುದು ಹೇಗೆ ಎಂಬ ಗುರುತು. ಎಲ್ಲವನ್ನೂ ಒಂದೇ ಬೆರಳಲ್ಲಿ ಕಂಪ್ಯೂಟರಿಗೆ ಟೈಪು ಮಾಡಿದ್ದರು. ಕೈಬರಹದ ಚೀಟಿಗಳನ್ನು ಗೆದ್ದಲು ತಿಂದಿತ್ತು. ಎರಡು ವರ್ಷದ ಹಿಂದೆ ಒಮ್ಮೆ ಮುದ್ರಿಸಿಟ್ಟ ಪಟ್ಟಿಯೊಂದಿತ್ತು. ಅದರ ನಂತರದ್ದೆಲ್ಲ ಯಂತ್ರದ ಒಳಗೆ ಮಾತ್ರ.

ನವೆಂಬರಿನ ಕೊನೆಯ ಗುರುವಾರ ಅವರು, "ಇದು ಯಾಕೋ ನಿಧಾನ ಆಗಿದೆ ಮೇಡಂ, ಸ್ವಲ್ಪ ನೋಡಿ" ಅಂದರು. ನನ್ನ ಫ್ಲಾಪಿ ಹಾಕಿ ಪರೀಕ್ಷಿಸಿದರೆ ವೈರಸ್ಸು. ತೆಗೆಯಲೇ ಎಂದು ಪರದೆ ಕೇಳಿತು. ನಾನು ಹೌದು ಎಂದು ಗುಂಡಿ ಒತ್ತಿದೆ. ಎರಡು ನಿಮಿಷದಲ್ಲಿ ಎಲ್ಲ ಸ್ವಚ್ಛ. ಯಂತ್ರ ಚುರುಕಾಗಿ ಎದ್ದು ನಿಂತಿತು. ಹೆಗಡೆಯವರು ಸಂತೋಷದಿಂದ ನನಗೆ ಕಷಾಯ ತರಿಸಿ ಕೊಟ್ಟರು. ಪಟ್ಟಿಯನ್ನು ಒಮ್ಮೆ ತೆರೆದು ನೋಡೋಣ ಎಂದು ನನಗೆ ಹೊಳೆಯಲಿಲ್ಲ. ಬಸ್ಸಿನ ಹೊತ್ತಾಗಿತ್ತು.

ಮರುದಿನ ಬೆಳಿಗ್ಗೆ ಅವರ ಫೋನು ಬಂತು. "ಮೇಡಂ, ಪಟ್ಟಿ ಹೋಯ್ದು ಮಾರಾಯ್ರೆ. ಹೆಸರಿನ ಜಾಗದಲ್ಲಿ ಎಂತೆಂತದೋ ಗೀಟು, ನಗುಮುಖ, ಚಿತ್ರ! ಒಂದೂ ಓದ್ಲಿಕ್ಕೆ ಬತ್ತಿಲ್ಲೆ."

ಗಾಬರಿಯಲ್ಲಿ ಅವರ ಬಾಯಿಗೂ ಮನೆಮಾತು ಬಂದುಬಿಟ್ಟಿತ್ತು. ನಾನು, "ವೈರಸ್ ಹಾಳ್ ಮಾಡೇದ ಅಂತ ಕಾಣಸ್ತದ್ರಿ, ನೋಡ್ತೀನಿ" ಅಂದೆ. ಆಗ ನಾನು ಅದನ್ನು ನಂಬಿಯೇ ಹೇಳಿದ್ದೆ.

ನಿಜ ತಿಳಿದದ್ದು ಮುಂದಿನ ಮಂಗಳವಾರ, ಸಿದ್ದಾಪುರದ ಒಂದು ಟೈಪಿಂಗ್ ಕ್ಲಾಸಿನಲ್ಲಿ. ಹೆಗಡೆಯವರು ಪತ್ರ ಟೈಪು ಮಾಡುವ ಪ್ರೋಗ್ರಾಮಿನ ಫ್ಲಾಪಿ ತಂದದ್ದು ಅಲ್ಲಿಂದಲೇ. ಆ ಕ್ಲಾಸಿನ ಯಂತ್ರದಲ್ಲೂ ಅದೇ ವೈರಸ್ಸು ಇತ್ತು. ಆದರೆ ಅಲ್ಲಿನ ವಿದ್ಯಾರ್ಥಿಗಳ ಪಟ್ಟಿ ಮಾತ್ರ ಸರಿಯಾಗೇ ಕಾಣುತ್ತಿತ್ತು. ನನಗೆ ಅನುಮಾನ ಬಂತು. ಯಂತ್ರ ಆರಿಸಿ, ನನ್ನ ಶುದ್ಧ ಫ್ಲಾಪಿಯಿಂದ ಎಬ್ಬಿಸಿ, ಅದೇ ಪಟ್ಟಿಯನ್ನು ತೆರೆದೆ. ಗೀಟು, ನಗುಮುಖ, ಚಿತ್ರ.

ಅರ್ಥವಾಯಿತು. ಆ ವೈರಸ್ಸು ಪಟ್ಟಿಯನ್ನು ಅಳಿಸುತ್ತಿರಲಿಲ್ಲ. ಡಿಸ್ಕಿಗೆ ಬರೆಯುವಾಗ ಪ್ರತಿ ಅಕ್ಷರವನ್ನೂ ಒಂದು ಗುಟ್ಟಿನ ಸಂಖ್ಯೆಯೊಡನೆ ಬೆರೆಸಿ ಬರೆಯುತ್ತಿತ್ತು. ಓದುವಾಗ ತಾನೇ ನಡುವೆ ನಿಂತು ಬಿಡಿಸಿ ಕೊಡುತ್ತಿತ್ತು. ಅದು ಒಳಗಿರುವವರೆಗೆ ಎಲ್ಲವೂ ಸರಿ. ಅದನ್ನು ಕಿತ್ತುಹಾಕಿದ ಗಳಿಗೆಯಿಂದ ಬಿಡಿಸುವವರು ಯಾರೂ ಇಲ್ಲ. ಹೆಗಡೆಯವರ ಪಟ್ಟಿಯನ್ನು ಕಳೆದದ್ದು ವೈರಸ್ಸಲ್ಲ. ಹೌದು ಎಂದು ಗುಂಡಿ ಒತ್ತಿದ ನಾನು.

ಟೈಪಿಂಗ್ ಕ್ಲಾಸಿನವರ ಪಟ್ಟಿಯನ್ನು ವೈರಸ್ಸು ಇರುವಾಗಲೇ ಕಾಗದದ ಮೇಲೆ ಮುದ್ರಿಸಿ ಉಳಿಸಿಕೊಟ್ಟೆ. ವೈರಸ್ಸು ಹತ್ತಿದ ಪ್ರೋಗ್ರಾಮನ್ನು ಒಂದು ಫ್ಲಾಪಿಗೆ ಹಾಕಿಕೊಂಡು, ಮೇಲೆ ಕೆಂಪು ಶಾಯಿಯಲ್ಲಿ 'ಮುಟ್ಟಬೇಡಿ' ಎಂದು ಬರೆದೆ. ಶಿರಸಿಗೆ ಬರುವ ಬಸ್ಸಿನುದ್ದಕ್ಕೂ ಹೆಗಡೆಯವರಿಗೆ ಹೇಗೆ ಹೇಳಲಿ ಎಂದು ಮಾತು ಜೋಡಿಸುತ್ತಿದ್ದೆ. ಹೇಳಲಿಲ್ಲ. ಫೋನಿನಲ್ಲಿ ಅವರು, "ಏನಾದ್ರೂ ಗೊತ್ತಾಯ್ತಾ?" ಎಂದು ಕೇಳಿದಾಗ, "ಪ್ರಯತ್ನ ನಡದದ್ರಿ" ಅಂದೆ.

ಹುಬ್ಬಳ್ಳಿಯ ಮ್ಯಾನೇಜರಿಗೆ ವಿಷಯ ತಿಳಿಸಿದೆ. "ಫಾರ್ಮ್ಯಾಟ್ ಹೊಡೀರಿ ಸರೋಜಾ, ಹೊಸಾದಾಗಿ ಹಾಕಿಕೊಡ್ರಿ, ಮುಗೀತು. ನಾವು ಯಂತ್ರಾ ಮಾರೇವಿ, ಪಟ್ಟಿ ಮಾರಿಲ್ಲ" ಅಂದರು. ಹೆಗಡೆಯವರಿಗೆ ಮಾತ್ರ, "ಯಾರು ಬಂದು ಹೇಳಿದ್ರೂ ಯಂತ್ರಾನ ಅಳಸಬ್ಯಾಡ್ರಿ, ಹೊಸಾದೇನೂ ಬರೀಬ್ಯಾಡ್ರಿ" ಎಂದು ಹೇಳಿದೆ. ಅವರು ಅದಕ್ಕೆ ಹಳೆಯ ಬೆಡ್‌ಶೀಟು ಹೊದಿಸಿಟ್ಟರು.

ಅದೇ ವೈರಸ್ಸನ್ನು ಮತ್ತೆ ಒಳಗೆ ಬಿಟ್ಟರೆ ಪಟ್ಟಿ ತಾನಾಗಿ ಬಿಡಿಸಿಕೊಳ್ಳಬಹುದಲ್ಲ ಎಂದು ಯೋಚಿಸಿದೆ. ಆಫೀಸಿನ ಹಳೆಯ ಯಂತ್ರದ ಮೇಲೆ ಮಾಡಿಯೂ ನೋಡಿದೆ. ಆಗಲಿಲ್ಲ. ಅದು ಪ್ರತಿ ಸಲ ಹೊಸದಾಗಿ ಬಂದು ಕೂತಾಗ ಗುಟ್ಟಿನ ಸಂಖ್ಯೆಯನ್ನೂ ಹೊಸದಾಗಿ ಆರಿಸಿಕೊಳ್ಳುತ್ತಿತ್ತು. ಹಳೆಯ ಸಂಖ್ಯೆ ಬೇಕಿತ್ತು. ಅದನ್ನು ಎಲ್ಲಿ ಅಡಗಿಸುತ್ತದೆ, ಹೇಗೆ ಬೆರೆಸುತ್ತದೆ ಎಂಬುದನ್ನು ಅದರ ಒಳಹೊಕ್ಕೇ ತಿಳಿಯಬೇಕಿತ್ತು.

ಅದಕ್ಕೆ ಡಿಬಗರ್ ಎಂಬ ಸಾಧನವಿದೆ. ಅದರೊಳಗೆ ಒಂದು ಪ್ರೋಗ್ರಾಮನ್ನು ಹಾಕಿದರೆ ಯಂತ್ರ ಒಂದು ಆಜ್ಞೆಯನ್ನು ಪಾಲಿಸಿ ನಿಲ್ಲುತ್ತದೆ. ಆ ಕ್ಷಣ ಅದರ ಕೈಯಲ್ಲಿ ಏನಿದೆ ಎಂದು ನಾವು ನೋಡಬಹುದು. ಗುಂಡಿ ಒತ್ತಿದರೆ ಇನ್ನೊಂದು ಹೆಜ್ಜೆ. ಶಿರಸಿಯಲ್ಲಿ ಆಗ ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ ಕರೆಂಟು ನಂಬಿಗಸ್ತವಾಗಿರುತ್ತಿತ್ತು. ಡಿಸೆಂಬರಿನ ಆ ಮಂಜಿನಲ್ಲಿ ಸ್ವೆಟರು ಹಾಕಿಕೊಂಡು, ಆಫೀಸಿನ ಬೀಗ ನಾನೇ ತೆಗೆದು, ಒಬ್ಬಳೇ ಕೂರುತ್ತಿದ್ದೆ.

ಮೊದಲ ಭಾನುವಾರ ನನಗೆ ಆಶ್ಚರ್ಯ ಕಾದಿತ್ತು. ಹೆಜ್ಜೆ ಹೆಜ್ಜೆಯಾಗಿ ನಡೆಸಿದೆ. ಕೆಲವೇ ಹೆಜ್ಜೆ ನಡೆದು ವೈರಸ್ಸು ಪಕ್ಕಕ್ಕೆ ಸರಿದುಬಿಟ್ಟಿತು. ಮೂಲದ ಪತ್ರ ಬರೆಯುವ ಪ್ರೋಗ್ರಾಮು ಏನೂ ಆಗಿಲ್ಲವೆಂಬಂತೆ ತೆರೆದುಕೊಂಡಿತು. ಕೆಟ್ಟ ಕೆಲಸ ಒಂದೂ ಇಲ್ಲ. ಡಿಬಗರಿನಿಂದ ಹೊರತೆಗೆದು ಸುಮ್ಮನೆ ಓಡಿಸಿದರೆ ತಕ್ಷಣ ಯಂತ್ರವಿಡೀ ಹರಡಿತು. ನಾನು ನೋಡುತ್ತಿದ್ದರೆ ಸಭ್ಯ, ಬಿಟ್ಟರೆ ಅದರ ಆಟ.

ಹೇಗೆ ಗೊತ್ತಾಗುತ್ತದೆ ಇದಕ್ಕೆ? ವಾರವಿಡೀ ಬಸ್ಸಿನಲ್ಲಿ ಅದೇ ಯೋಚನೆ. ಕೊನೆಗೆ ಕಂಡೆ: ಅದು ಯಂತ್ರದ ಗಡಿಯಾರವನ್ನು ಒಮ್ಮೆ ನೋಡುತ್ತಿತ್ತು, ಒಂದು ಸಣ್ಣ ಕೆಲಸ ಮಾಡಿ ಮತ್ತೆ ನೋಡುತ್ತಿತ್ತು. ತಡೆಯಿಲ್ಲದೆ ಓಡಿದರೆ ಆ ಎರಡು ನೋಟದ ನಡುವೆ ಕಣ್ಣೆವೆ ಮಿಟುಕಿಸುವಷ್ಟೂ ಹೊತ್ತಾಗುವುದಿಲ್ಲ. ನಾನು ಗುಂಡಿ ಒತ್ತಿ, ಪರದೆ ಓದಿ, ನೋಟ್‌ಬುಕ್ಕಿಗೆ ಬರೆದುಕೊಂಡು ಮತ್ತೆ ಒತ್ತುವಷ್ಟರಲ್ಲಿ ಎರಡು ನಿಮಿಷ. ನನ್ನ ನಿಧಾನವೇ ನನ್ನನ್ನು ಹಿಡಿದುಕೊಡುತ್ತಿತ್ತು.

ಆ ಜಾಗವನ್ನು ತಿದ್ದಿ ದಾಟಿದೆ. ಮುಂದೆ ಹೋದರೆ ಕೀಬೋರ್ಡು ಸತ್ತಂತಾಯಿತು. ಯಾವ ಗುಂಡಿಗೂ ಉತ್ತರವಿಲ್ಲ. ಆರಿಸಿ ಮತ್ತೆ ಮೊದಲಿನಿಂದ ಶುರು ಮಾಡಬೇಕು. ಅದನ್ನೂ ದಾಟಿ, ನೇರವಾಗಿ ದೂರದ ಒಂದು ಜಾಗದಲ್ಲಿ ನಿಲ್ಲು ಎಂದು ಗುರುತು ಇಟ್ಟೆ. ಹಾಗೆ ಗುರುತಿಡಲು ಡಿಬಗರು ಆ ಪ್ರೋಗ್ರಾಮಿನೊಳಗೇ ಒಂದು ಅಂಕೆಯನ್ನು ಬದಲಿಸುತ್ತದೆ. ವೈರಸ್ಸು ತನ್ನ ಅಂಕೆಗಳನ್ನೆಲ್ಲ ಕೂಡಿ ನೋಡುತ್ತಿತ್ತು. ಮೊತ್ತ ಒಂದಿಷ್ಟು ತಪ್ಪಿದರೂ ಯಾರೋ ಮೈಮುಟ್ಟಿದ್ದಾರೆಂದು ತಿಳಿದು ತನ್ನನ್ನು ತಾನೇ ಕಲಸಿಕೊಂಡುಬಿಡುತ್ತಿತ್ತು.

ಇದನ್ನು ಬರೆದವನು ಯಾರು, ಯಾವ ದೇಶದಲ್ಲಿ ಕೂತಿದ್ದ, ನನಗೆ ಗೊತ್ತಿಲ್ಲ. ಆದರೆ ನನ್ನಂತೆ ಒಬ್ಬರು ಹೀಗೆ ಕೂತು ನೋಡುತ್ತಾರೆ ಎಂದು ಅವನು ಮೊದಲೇ ಊಹಿಸಿದ್ದ. ನಾನು ಇಡಬಹುದಾದ ಪ್ರತಿ ಹೆಜ್ಜೆಯನ್ನೂ ಯೋಚಿಸಿ ಅಲ್ಲೊಂದು ಬಲೆ ಇಟ್ಟಿದ್ದ. ಹೇಳಲು ನಾಚಿಕೆಯಾಗುತ್ತದೆ: ಆ ತಿಂಗಳು ನನ್ನ ಬಗ್ಗೆ ಅಷ್ಟು ಯೋಚಿಸಿದವರು ಬೇರೆ ಯಾರೂ ಇರಲಿಲ್ಲ ಅನ್ನಿಸುತ್ತಿತ್ತು. ಭಾನುವಾರ ಎಸ್‌ಟಿಡಿ ಬೂತಿನಿಂದ ಅಕ್ಕನಿಗೆ ಫೋನು ಮಾಡಿದಾಗ ಅವಳು, "ಆರಾಮ ಅದಿಯಲ್ಲ?" ಎಂದು ಕೇಳಿ ಮಕ್ಕಳ ಕೆಮ್ಮಿನ ಸುದ್ದಿ ಹೇಳಿದಳು. ಒಂದು ವೈರಸ್ಸು ನನ್ನನ್ನು ಗುರುತು ಹಿಡಿಯುತ್ತದೆ ಎಂದು ಅವಳಿಗೆ ಹೇಗೆ ಹೇಳುವುದು? ಆರಾಮ ಇದ್ದೇನೆ ಅಂದೆ.

ಜನವರಿಯ ಒಂದು ಗುರುವಾರ ಯಲ್ಲಾಪುರಕ್ಕೆ ಹೋಗಿ, ಯಂತ್ರದ ಬೆಡ್‌ಶೀಟು ಸರಿಸಿ, ಡಿಸ್ಕಿನ ಮೂಲೆಮೂಲೆಗಳನ್ನು ಫ್ಲಾಪಿಗಳಿಗೆ ಇಳಿಸಿಕೊಳ್ಳುತ್ತ ಕೂತಿದ್ದೆ. ಹೆಗಡೆಯವರು ಸೂಕ್ಷ್ಮದರ್ಶಕದ ಮುಂದೆ ಬಾಗಿದ್ದರು. ಅವರು ಮತ್ತೆ ಊರೂರು ಸುತ್ತಿ ಹೊಸದಾಗಿ ಪಟ್ಟಿ ಬರೆಯಲು ಶುರುಮಾಡಿದ್ದರು. ಒಂದು ನೂರು ಪುಟದ ನೋಟ್‌ಬುಕ್ಕಿನಲ್ಲಿ ಆರೇಳು ಪುಟ ತುಂಬಿದ್ದವು.

ಹನ್ನೊಂದರ ಸುಮಾರಿಗೆ ಡಾಕ್ಟರು ಬಾಗಿಲಲ್ಲಿ ನಿಂತರು. ಕೈಗವಸು ಒದ್ದೆಯಾಗಿತ್ತು. "ಹೆಗಡೇರೆ, ಹೆರಿಗೆ ಆದವಳಿಗೆ ರಕ್ತ ನಿಲ್ತಾ ಇಲ್ಲ. ಗ್ರೂಪು ನೋಡಿದ್ರಲ್ಲ?"

"ಬಿ ನೆಗೆಟಿವ್ ಡಾಕ್ಟ್ರೆ."

"ಯಾರಿದ್ದಾರೆ?"

ಹೆಗಡೆಯವರು ಅಭ್ಯಾಸಬಲದಿಂದ ಯಂತ್ರದ ಕಡೆ ತಿರುಗಿದರು. ನಾನು ಅದರ ಮುಂದೆ ಕೂತಿದ್ದೆ. ತಕ್ಷಣ ಮುಖ ತಿರುಗಿಸಿ, ಕಪಾಟಿನಿಂದ ಹಳೆಯ ಮುದ್ರಿತ ಪಟ್ಟಿ ತೆಗೆದು ಬೆರಳಾಡಿಸಿದರು. ಓ ನೆಗೆಟಿವ್‌ನವರು ಯಾರೂ ಇರಲಿಲ್ಲ, ಬಿ ನೆಗೆಟಿವ್‌ನವರು ಇಬ್ಬರು ಸಿಕ್ಕರು. ಒಬ್ಬರು ಊರು ಬಿಟ್ಟು ಹೋಗಿದ್ದರು. ಇನ್ನೊಬ್ಬರಿಗೆ ಹೋದ ತಿಂಗಳಷ್ಟೇ ಕಾಮಾಲೆಯಾಗಿತ್ತು.

"ಆಮೇಲೆ ಬರಕಂಡವರಲ್ಲಿ ಒಬ್ಬ ಇದ್ದ. ಇದ್ದ ಅಂತ ನೆನಪಿದ್ದು. ಹೆಸರು..." ಎಂದು ಹಣೆ ಒತ್ತಿಕೊಂಡರು. "ಇಡಗುಂದಿ ಬದಿಯಂವ ಇರವು." ಅಲ್ಲಿ ವಿಚಾರಿಸಿ ಕರೆತರಲು ಜೀಪು ಕಳಿಸಿದರು. ಹೊರಗೆ ಬೆಂಚಿನ ಮೇಲೆ ಹೆರಿಗೆಯಾದವಳ ಗಂಡ ಕೂತಿದ್ದ. ನಂದೊಳ್ಳಿಯವನು. ಕೈಯಲ್ಲಿ ಹೊಸ ಟವೆಲು ಹಿಡಿದುಕೊಂಡಿದ್ದ, ಮಗುವಿಗೆಂದು ತಂದದ್ದು. "ನಂದು ತಗೊಳ್ರಾ, ಎಷ್ಟ್ ಬೇಕಾದ್ರೂ ತಗೊಳ್ರಾ" ಎಂದು ನನಗೂ ಹೇಳಿದ, ನಾನೂ ಆಸ್ಪತ್ರೆಯವಳೆಂದು ತಿಳಿದು. ಅವನ ಗುಂಪು ಹೊಂದುತ್ತಿರಲಿಲ್ಲ. ನನ್ನದೂ ಅಷ್ಟೇ. ನನ್ನ ಬೆರಳು ಚುಚ್ಚಿ ನೋಡಿಸಿಕೊಂಡಿದ್ದೆ.

ಒಂದು ಗಂಟೆ ಕಾದರು. ಜೀಪು ಬರಲಿಲ್ಲ. ಅವಳನ್ನು ಹುಬ್ಬಳ್ಳಿಗೆ ಒಯ್ಯಲು ನಿರ್ಧರಿಸಿದರು. ಸಾವಿತ್ರಿ ಎಂದು ಅವಳ ಹೆಸರು. ಸ್ಟ್ರೆಚರಿನಲ್ಲಿ ಹೋಗುವಾಗ ಕಣ್ಣು ತೆರೆದೇ ಇತ್ತು. ಮಗುವನ್ನು ಅಜ್ಜಿ ಇಟ್ಟುಕೊಂಡು ಉಳಿದಳು. ಕಿರವತ್ತಿ ದಾಟಿದ ಮೇಲೆ ದಾರಿಯಲ್ಲೇ ಹೋದಳು ಎಂದು ಸಂಜೆ ನಾಲ್ಕಕ್ಕೆ ಫೋನು ಬಂತು. ಡಾಕ್ಟರು ಲ್ಯಾಬಿಗೆ ಬಂದು, "ರಕ್ತ ಸಿಕ್ಕಿದ್ರೂ ಏನೂ ಹೇಳ್ಲಿಕ್ಕೆ ಆಗ್ತಿರಲಿಲ್ಲ ಹೆಗಡೇರೆ. ತಲೆಗೆ ಹಚ್ಕೋಬೇಡಿ" ಅಂದರು. ಹೆಗಡೆಯವರು ತಲೆ ಅಲ್ಲಾಡಿಸಿದರು. ಆ ಮಾತು ನನಗೂ ಕೇಳಲಿ ಎಂದು ಡಾಕ್ಟರು ಹೇಳಿರಲಿಲ್ಲ. ಅವರಿಗೆ ನನ್ನ ವಿಷಯ ಗೊತ್ತೇ ಇರಲಿಲ್ಲ. ನಾನು ಫ್ಲಾಪಿಗಳನ್ನು ಡಬ್ಬಿಗೆ ಹಾಕಿಕೊಂಡು ಬಸ್ಸಿಗೆ ನಡೆದೆ. ಶಿರಸಿ ಮುಟ್ಟುವವರೆಗೆ ಎಷ್ಟೋ ಜನ ಹತ್ತಿದರು, ಇಳಿದರು. ನನ್ನ ಪಕ್ಕದಲ್ಲಿ ಕೂತ ಯಾರೊಬ್ಬರ ಮುಖವೂ ನೆನಪಿಲ್ಲ.

ಆಮೇಲೆ ಎರಡು ದಿನ ಆಫೀಸಿಗೆ ಹೋಗಲಿಲ್ಲ. ಮೂರನೆಯ ದಿನ ಪಾರ್ವತಕ್ಕ ಮೆಟ್ಟಿಲು ಹತ್ತಿ ಬಂದರು. ಮೊಣಕಾಲು ನೋವಿನ ಅವರು ಹಾಗೆ ಮೇಲೆ ಬಂದದ್ದು ಅದೇ ಮೊದಲು.

"ಎಂತ ಆತೆ ಕೂಸೆ? ಜ್ವರವ?"

ನಾನು ಅವರಿಗೆ ಎಲ್ಲವನ್ನೂ ಹೇಳಿಬಿಟ್ಟೆ. ವೈರಸ್ಸು ಅಂದರೇನು ಎಂದೂ ತಿಳಿಯದ ಅವರು ಗೋಡೆಗೆ ಒರಗಿ ಪೂರ್ತಿ ಕೇಳಿದರು. ಆಮೇಲೆ, "ನೀ ನೋಡದು ಅದಕ್ಕೆ ಗೊತ್ತಾಗ್ತು ಹೇಳಾದ್ರೆ, ಅದನ್ನ ಎಬ್ಬಿಸದು ಎಂತಕ್ಕೆ? ಮಲಗಿದ್ದಾಗಲೇ ನೋಡಲೆ ಬತ್ತಿಲ್ಯ?" ಎಂದು ಕೇಳಿದರು.

ಅವರು ಸುಮ್ಮನೆ ಕೇಳಿದ ಪ್ರಶ್ನೆ. ನಾನು ಎದ್ದು ಕೂತೆ. ಓಡಿಸಬೇಕು ಎಂದೇ ನಾನು ಹಟ ಹಿಡಿದಿದ್ದೆ. ಓಡಿದರೆ ತಾನೇ ಅದಕ್ಕೆ ಗಡಿಯಾರ, ಕೀಬೋರ್ಡು, ಮೊತ್ತ? ಕಾಗದದ ಮೇಲೆ ಬರೀ ಅಂಕೆಗಳಾಗಿ ಬಿದ್ದಿದ್ದರೆ ಅದು ಯಾರನ್ನೂ ನೋಡಲಾರದು.

ವೈರಸ್ಸನ್ನು ಒಂದೂ ಹೆಜ್ಜೆ ನಡೆಸದೆ, ಅದರ ಅಂಕೆಗಳನ್ನೆಲ್ಲ ಮುದ್ರಿಸಿದೆ. ಮಡಿಕೆ ಮಡಿಕೆಯ ಉದ್ದ ಕಾಗದ ಆಫೀಸಿನ ನೆಲದ ಮೇಲೆ ಗೋಡೆಯಿಂದ ಗೋಡೆಗೆ ಹರಡಿತು. ಡಿಪ್ಲೊಮಾ ದಿನಗಳ ಒಂದು ಝೆರಾಕ್ಸ್ ಪುಸ್ತಕದಲ್ಲಿ ಯಾವ ಅಂಕೆಗೆ ಯಾವ ಆಜ್ಞೆ ಎಂಬ ಕೋಷ್ಟಕವಿತ್ತು. ನೆಲದ ಮೇಲೆ ಮಂಡಿಯೂರಿ, ಪೆನ್ಸಿಲಿನಲ್ಲಿ, ಒಂದೊಂದೇ ಅಂಕೆಯ ಪಕ್ಕ ಅದರ ಅರ್ಥ ಬರೆಯುತ್ತ ಹೋದೆ. ಯಂತ್ರ ಒಂದು ಉಸಿರಿನಲ್ಲಿ ಮಾಡುವುದನ್ನು ನಾನು ಒಂದು ಬೆಳಗಿನಲ್ಲಿ ಮಾಡುತ್ತಿದ್ದೆ. ಹೀಗೆ ಮೂರು ವಾರ ಕಳೆಯಿತು. ಮಂಜು ಕಡಿಮೆಯಾಗಿ, ಕಿಟಕಿಯಿಂದ ಒಣಗಿದ ತರಗೆಲೆ ಸುಡುವ ಹೊಗೆ ಬರತೊಡಗಿತು.

ಎಲ್ಲಕ್ಕಿಂತ ಒಳಗಿನ ಬಲೆ ಆಗ ಕಂಡಿತು. ಡಿಬಗರು ಕೆಲಸ ಮಾಡಲು ಯಂತ್ರದ ಸ್ಮೃತಿಯಲ್ಲಿ ಎರಡು ಗೂಟಗಳಂಥ ಜಾಗಗಳಿವೆ. ಅದು ತನ್ನನ್ನು ಅಲ್ಲೇ ತೂಗುಹಾಕಿಕೊಳ್ಳಬೇಕು. ವೈರಸ್ಸು ತನ್ನ ಒಳಭಾಗವನ್ನು ಬಿಡಿಸುವ ಕೀಲಿಯನ್ನು ಅದೇ ಗೂಟಗಳ ಮೇಲೆ ಇಡುತ್ತಿತ್ತು. ಡಿಬಗರು ಇದ್ದರೆ ಕೀಲಿ ಕೆಡುತ್ತದೆ, ಕೀಲಿ ಇದ್ದರೆ ಡಿಬಗರು ಕೆಡುತ್ತದೆ. ಎರಡೂ ಒಟ್ಟಿಗೆ ಇರಲು ಸಾಧ್ಯವೇ ಇಲ್ಲ. ನಾನು ಇನ್ನೊಂದು ವರ್ಷ ಗುಂಡಿ ಒತ್ತಿದ್ದರೂ ದಾಟುತ್ತಿರಲಿಲ್ಲ. ಕಾಗದದ ಮೇಲೆ ಮಾತ್ರ ನಾನು ಆ ಕೀಲಿಯನ್ನು ಕೈಯಿಂದಲೇ ಲೆಕ್ಕ ಹಾಕಿ, ಒಳಭಾಗವನ್ನು ಬಿಡಿಸಿ, ಮುಂದೆ ಓದಬಹುದಿತ್ತು.

ಪಟ್ಟಿಯ ಗುಟ್ಟಿನ ಸಂಖ್ಯೆ ಎಲ್ಲಿರುತ್ತದೆ ಎಂಬುದು ಆ ಒಳಭಾಗದಲ್ಲಿತ್ತು. ಡಿಸ್ಕಿನಲ್ಲಿ ಯಾವ ಪ್ರೋಗ್ರಾಮೂ ಬಳಸದ ಒಂದು ಮೂಲೆ. ನಾನು ವೈರಸ್ಸನ್ನು ತೆಗೆದಿದ್ದೆ, ಆದರೆ ಆ ಮೂಲೆಯನ್ನು ಯಾರೂ ಮುಟ್ಟಿರಲಿಲ್ಲ. ಫಾರ್ಮ್ಯಾಟ್ ಹೊಡೆಯುವ ಭರದಲ್ಲಿ ಅದೂ ಅಳಿದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆ ಗುರುವಾರ ಇಳಿಸಿಕೊಂಡ ಫ್ಲಾಪಿಗಳಲ್ಲಿ ಹುಡುಕಿದೆ. ಸಿಕ್ಕಿತು. ಎರಡೇ ಎರಡು ಅಂಕೆ.

ಫೆಬ್ರವರಿ ಕೊನೆಯ ಒಂದು ಬೆಳಿಗ್ಗೆ, ನಾನೇ ಬರೆದ ಸಣ್ಣ ಪ್ರೋಗ್ರಾಮು ಆ ಪಟ್ಟಿಯನ್ನು ಬಿಡಿಸಿತು. ಗೀಟುಗಳು ಹೋಗಿ ಹೆಸರುಗಳು ಒಂದರ ಕೆಳಗೊಂದು ಇಳಿದವು. ಕೂಗಬೇಕೆನ್ನಿಸಿತು. ಕೋಣೆಯಲ್ಲಿ ಯಾರೂ ಇರಲಿಲ್ಲ. ಕೂಡಲೇ ಇನ್ನೊಂದು ಕೆಲಸ ಮಾಡಿದೆ, ಮಾಡಬಾರದಿತ್ತೇನೋ. ಬಿ ನೆಗೆಟಿವ್ ಇರುವವರನ್ನು ಮಾತ್ರ ಬೇರೆ ತೆಗೆದೆ. ಹಳೆಯ ಕಾಗದದಲ್ಲಿದ್ದ ಇಬ್ಬರ ಜೊತೆಗೆ ಒಂದು ಹೊಸ ಹೆಸರು ಬಂತು. ಮಂಜುನಾಥ ನಾಯ್ಕ. ಊರಿನ ಜಾಗದಲ್ಲಿ ಇಡಗುಂದಿ ಎಂದಿತ್ತು. ಕರೆಯುವ ಗುರುತಿನ ಜಾಗದಲ್ಲಿ ಹೀಗಿತ್ತು: ಯಲ್ಲಾಪುರ ಪೇಟೆ, ಆಸ್ಪತ್ರೆಯ ಹಿಂದಿನ ಓಣಿ, ಸೈಕಲ್ ರಿಪೇರಿ.

ಆ ಒಂದು ಸಾಲನ್ನು ಅಳಿಸಿ ಉಳಿದದ್ದನ್ನು ಕೊಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ. ಹಾಗೊಂದು ಯೋಚನೆ ಬಂದದ್ದು ನಿಜ. ಕಾಲು ಗಂಟೆಯಷ್ಟು ಇತ್ತು. ಆಮೇಲೆ ಪೂರ್ತಿ ಪಟ್ಟಿಯನ್ನು ಮುದ್ರಿಸಿ, ಆ ದಿನ ಗುರುವಾರವಲ್ಲದಿದ್ದರೂ ಯಲ್ಲಾಪುರದ ಬಸ್ಸು ಹತ್ತಿದೆ.

ಹೆಗಡೆಯವರು ಕಾಗದವನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಪುಟ ಮಗುಚುತ್ತ, "ಅಯ್ಯೋ, ಇವ! ಇವಳು ಶಾಲೆಯ ಅಕ್ಕೋರು" ಎಂದು ಹಳೆಯ ಪರಿಚಯದವರು ಸಿಕ್ಕಂತೆ ನಗುತ್ತಿದ್ದರು. ನಾನು ತಡೆದೆ.

"ಹೆಗಡೇರ, ಒಂದ್ ಮಾತ ಹೇಳಬೇಕ್ರಿ. ಪಟ್ಟಿ ಕೆಡಸಿದ್ದು ವೈರಸ್ ಅಲ್ರಿ. ನಾನ ಅದನ್ನ ತಗದದ್ದಕ್ಕ ಹಿಂಗಾತು. ನನಗ ಡಿಸೆಂಬರ್‌ದಾಗ ಗೊತ್ತಾಗಿತ್ತು. ನಿಮಗ ಹೇಳಲಿಲ್ಲ."

ಅವರು ಕನ್ನಡಕ ತೆಗೆದರು. "ಗೊತ್ತಿತ್ತು ತಂಗಿ" ಅಂದರು. ಅಲ್ಲಿಯವರೆಗೆ ಮೇಡಂ ಅನ್ನುತ್ತಿದ್ದವರು. "ನೀವು ಬಂದು ಹೋದ ಮರುದಿನವೇ ಹೋಗಿದ್ದು ಅಲ್ದಾ? ಅಷ್ಟೂ ತಿಳಿಯೂದಿಲ್ವಾ ನಂಗೆ? ಇನ್ನು ಈಕೆ ಈ ಬದಿ ಬರೂದಿಲ್ಲ ಅಂದ್ಕಂಡಿದ್ದೆ. ನೀವು ಪ್ರತಿ ಗುರುವಾರ ಬಂದ್ರಿ. ಮತ್ತೆಂತ ಕೇಳೂದು ಅಂತ ಸುಮ್ನಾದೆ."

ಆಗ ನಾನು ಆ ಹೆಸರಿನ ಮೇಲೆ ಬೆರಳಿಟ್ಟೆ. ಅವರು ಓದಿದರು. ಮತ್ತೊಮ್ಮೆ ಓದಿದರು. ಮುಖದಲ್ಲಿದ್ದ ನಗು ನಿಧಾನವಾಗಿ ಇಳಿಯಿತು. "ಇಡಗುಂದಿಗೆ ಜೀಪು ಕಳಿಸಿದೆ" ಅಂದರು, ತಮಗೇ ಹೇಳಿಕೊಂಡಂತೆ. "ಊರು ಅಷ್ಟೇ ನೆನಪಿತ್ತು ನಂಗೆ." ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡು, "ಬನ್ನಿ" ಎಂದು ಹೊರಟರು.

ಹಿಂದಿನ ಬಾಗಿಲಿನಿಂದ ಇಳಿದು ಓಣಿಯಲ್ಲಿ ಸ್ವಲ್ಪ ನಡೆದರೆ ತಗಡಿನ ಮಾಡಿನ ಅಂಗಡಿ. ಮೂವತ್ತರ ಆಸುಪಾಸಿನ ಗಟ್ಟಿಮುಟ್ಟಾದ ಆಳು ಕುಕ್ಕರಗಾಲಲ್ಲಿ ಕೂತು, ಬಾಂಡಲಿಯ ನೀರಿನಲ್ಲಿ ಟ್ಯೂಬು ಮುಳುಗಿಸಿ ತೂತು ಹುಡುಕುತ್ತಿದ್ದ. ಹೆಗಡೆಯವರನ್ನು ನೋಡಿ ಎದ್ದು ನಿಂತ. "ಬನ್ನಿ ಹೆಗಡೇರೆ, ಸೈಕಲ್ ಎಂತ ಆಯ್ತ್ರಾ?"

"ಸೈಕಲ್ ಸರಿ ಇದ್ದು ಮಂಜ. ನಿನ್ನ ರಕ್ತ ನೋಡಿದ್ದೆ ಅಲ್ದಾ ಹೋದ ವರ್ಷ, ಅದು ಒಂದ್ಸಲ ಸರಿಯಾಗಿ ಬರ್ಕಳ್ವ ಅಂತ ಬಂದೆ."

"ಹೌದ್ರಾ, ಡೇರಿ ಹತ್ರ ಚುಚ್ಚಿದ್ರಿ. ಅಪರೂಪದ್ದು ಅಂದಿದ್ರಿ. ಆಮೇಲೆ ಯಾರೂ ಕರೀಲೇ ಇಲ್ಲ" ಎಂದು ನಕ್ಕ.

ನನ್ನ ಬಾಯಿಂದ ಪ್ರಶ್ನೆ ಹೊರಟೇಬಿಟ್ಟಿತು. "ಜನವರಿ ತಿಂಗಳದಾಗ ನೀವು ಊರಾಗ ಇದ್ರೇನ್ರಿ?"

"ನಾ ಎಲ್ಲಿಗೆ ಹೋಗೂದ್ರಾ? ವರ್ಷಪೂರ್ತಿ ಇಲ್ಲೇ." ಅವನು ನಮ್ಮಿಬ್ಬರ ಮುಖವನ್ನು ಒಂದಾದ ಮೇಲೊಂದು ನೋಡಿದ. ನಗು ನಿಂತಿತು. ಏನು ತಿಳಿದನೋ, ಲುಂಗಿಗೆ ಕೈ ಒರೆಸಿಕೊಂಡು ಎಡಗೈಯನ್ನು ಮುಂದಕ್ಕೆ ಚಾಚಿದ. "ಈಗ ಯಾರಿಗಾದ್ರೂ ಬೇಕಾಯ್ತಾ? ಬರ್ತೆ, ನಡೀರಿ."

"ಈಗ ಬ್ಯಾಡ" ಅಂದರು ಹೆಗಡೆಯವರು.

ಅವನು ಮತ್ತೆ ಕುಕ್ಕರಗಾಲಲ್ಲಿ ಕೂತ. ಟ್ಯೂಬನ್ನು ನೀರಿಗೆ ಅದ್ದುತ್ತ ತಲೆಯೆತ್ತಿ ಆಸ್ಪತ್ರೆಯ ಹಿಂದಿನ ಕಿಟಕಿಯತ್ತ ಗದ್ದ ಎತ್ತಿ ತೋರಿಸಿದ.

"ಬೇಕಾದಾಗ ಜನ ಗಿನ ಕಳಿಸೂದೂ ಬ್ಯಾಡ ಹೆಗಡೇರೆ. ಆ ಕಿಟಕಿಯಿಂದ ಒಂದ್ ಕೂಗು ಹಾಕಿ. ಇಲ್ಲಿಗೆ ಕೇಳ್ತದೆ."